ಗುಡ್ಡದ ಗೂಬೆ, ಗದ್ದೆಯ ಇಲಿ

ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೋಗುವಾಗ ಭತ್ತದ ಗದ್ದೆಗಳ ಬೆನ್ನಿಗೇ ಕಲ್ಲುಗುಡ್ಡಗಳು ಏಳುತ್ತವೆ. ಈ ಗುಡ್ಡದಲ್ಲಿ ಸಂಸಾರ ಹೂಡಿ, ಆ ಗದ್ದೆಯಲ್ಲಿ ಹೊಟ್ಟೆ ಹೊರೆಯುವ ಬೇಟೆಹಕ್ಕಿಯೊಂದಿದೆ. ಅದೇ ಕೊಂಬಿನ ಗೂಬೆ.

ಹೆಚ್ಚುಕಡಿಮೆ ಎರಡಡಿ ಉದ್ದದ ಹಕ್ಕಿ. ಕಿತ್ತಳೆ ಬಣ್ಣದ ಕಣ್ಣು. ತಲೆಯ ಮೇಲೆ ಕೊಂಬಿನ ಹಾಗೆ ಕಾಣುವುದು ಬರೀ ಗರಿ, ಕಿವಿಯೂ ಅಲ್ಲ. ಕಡ್ಡಿ ತಂದು ಗೂಡು ಕಟ್ಟುವ ಗೋಜು ಇದಕ್ಕಿಲ್ಲ. ಬಂಡೆಯ ಸಂದಿನಲ್ಲಿ ಮಣ್ಣು ಕೆದರಿ, ಬರಿ ನೆಲದ ಮೇಲೆಯೇ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುವುದರಿಂದ ಮರಿಗಳು ಒಟ್ಟಿಗೆ ಹೊರಬರುವುದಿಲ್ಲ. ಸುಮಾರು ಐದು ವಾರಕ್ಕೆ ಮೊದಲನೆಯದು, ಆಮೇಲೆ ಒಂದೊಂದಾಗಿ ಉಳಿದವು. ಬೇಟೆ ಕಡಿಮೆಯಾದರೆ ದೊಡ್ಡ ಮರಿಗೆ ತುತ್ತು, ಕಿರಿಯದಕ್ಕೆ ಉಪವಾಸ. ಮರಿಗಳ ಹತ್ತಿರ ಯಾರಾದರೂ ಸುಳಿದರೆ ತಾಯಿ ರೆಕ್ಕೆ ಮುರಿದಂತೆ ನಟಿಸಿ, ನೆಲದ ಮೇಲೆ ಹೊರಳಾಡಿ ಅವರನ್ನು ದೂರ ಸೆಳೆಯುತ್ತದೆ.

ಇದು ಮರಿ ಮಾಡುವ ಕಾಲ ನವೆಂಬರಿನಿಂದ ಏಪ್ರಿಲ್. ಮಳೆ ಸರಿದು ನೆಲ ಒಣಗಿರುತ್ತದೆ; ನಮ್ಮಲ್ಲಿ ಮುಂಗಾರಿ ಭತ್ತ ಕೊಯ್ಲಿಗೆ ಬಂದಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತ ತಂದಿತು, ಭತ್ತದ ಹಿಂದೆ ಇಲಿ ಬಂತು. ಗೂಬೆ ಕೂರುವ ಬಂಡೆಯ ಕೆಳಗೆ ಅದು ಕಕ್ಕಿದ ಬೂದುಬಣ್ಣದ ಉಂಡೆಗಳು ಬಿದ್ದಿರುತ್ತವೆ. ಒಂದನ್ನು ಬಿಡಿಸಿ ನೋಡಿ: ಕೂದಲಿನ ನಡುವೆ ಇಲಿಯ ತಲೆಬುರುಡೆ, ಹಳದಿ ಬಾಚಿಹಲ್ಲು.

ಇಂಥ ಹಕ್ಕಿಯನ್ನು ಅಪಶಕುನವೆಂದು ಹೊಡೆಯುವವರಿದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲಿಪಾಷಾಣವೂ ಗೂಬೆಗೆ ಮುಳುವು: ವಿಷ ತಿಂದು ತೂರಾಡುವ ಇಲಿಯೇ ಅದಕ್ಕೆ ಸುಲಭದ ಬೇಟೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿ ಅವುಗಳ ಹೆಣ ತಿಂದ ರಣಹದ್ದುಗಳನ್ನು ದೇಶದುದ್ದಕ್ಕೂ ಕೊಂದದ್ದು ಇದೇ ದಾರಿಯಲ್ಲಿ. ಜಾನುವಾರುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ರಣಹದ್ದುಗಳು ಬಹುಪಾಲು ಅಳಿದಿದ್ದವು.

ಮೂರನೆಯ ಕುತ್ತು ಕಲ್ಲುಗಣಿಯದು. ಕಡಿದ ಗಿಡದ ಬದಲಿಗೆ ಇನ್ನೊಂದು ನೆಡಬಹುದು, ಸಿಡಿಸಿದ ಬಂಡೆಯ ಸಂದನ್ನು ಮತ್ತೆ ಮಾಡಲಾಗದು. ಗುಡ್ಡ ಹೋದರೆ ಗದ್ದೆಯ ಕಾವಲೂ ಹೋಯಿತು. ಆಗ ಇಲಿಯ ಲೆಕ್ಕ ರೈತನ ತಲೆಗೇ ಬೀಳುತ್ತದೆ.