ಎರಡು ಆಟ, ಒಂದು ಮಂಗಳ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ಹಳೆಯ ವಿದ್ಯಾರ್ಥಿಗಳು ತಮ್ಮ ವೃತ್ತಿಯ ಬಗ್ಗೆ ಮಾತಾಡಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನನ್ನ ವೃತ್ತಿ ನಾಟಕಕ್ಕೆ ಬೆಳಕು ಮಾಡುವುದು. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷ ರಂಗಶಿಕ್ಷಣ ಪಡೆದೆ. ಆಮೇಲೆ ಬೆಂಗಳೂರು ಸೇರಿದೆ. ನನ್ನ ಕೆಲಸ ಚೆನ್ನಾಗಿ ನಡೆದ ದಿನ ನಾನೊಬ್ಬ ಇದ್ದೇನೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇವತ್ತು ದೀಪಗಳ ವಿಷಯಕ್ಕಿಂತ ಹೆಚ್ಚಾಗಿ ನಿದ್ದೆಯ ವಿಷಯ ಮಾತಾಡುತ್ತೇನೆ. ನನ್ನದೇ ಒಂದು ತಪ್ಪಿನ ಕತೆ ಅದು. ಇಲ್ಲಿ ಮಕ್ಕಳೂ ತಂದೆತಾಯಂದಿರೂ ಒಟ್ಟಿಗೆ ಕೂತಿರುವುದರಿಂದ ಹೇಳಬೇಕು ಅನಿಸಿತು.

ನಮ್ಮ ಕುಂದಾಪುರದ ಕಡೆ 'ಆಟ' ಅಂದರೆ ಯಕ್ಷಗಾನ. ಅಪ್ಪ ಮೇಳದಲ್ಲಿ ವೇಷಧಾರಿಯಾಗಿದ್ದರು. ಮಳೆಗಾಲ ಕಳೆದು ತಿರುಗಾಟ ಶುರುವಾದರೆ ಮುಂದಿನ ಮಳೆಯ ಹೊತ್ತಿಗೇ ಅವರು ಮನೆಯಲ್ಲಿ ನಿಲ್ಲುತ್ತಿದ್ದದ್ದು. ಆಗ ರಾತ್ರಿಯಿಡೀ ಆಟ. ಬೆಳಗಿನ ಜಾವ ಭಾಗವತರು ಮಂಗಳ ಹಾಡಿದ ಮೇಲೆಯೇ ಮುಗಿತಾಯ. ಈಗ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ, ಬಿಡಿ. ಊರಿನಲ್ಲಿ ಆಟ ಆದ ಮರುದಿನ ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ತೂಕಡಿಸುತ್ತಿದ್ದೆವು. ಗಣಿತದ ಮಾಷ್ಟ್ರು ಬಂದು ಮೇಜಿನ ಮೇಲೆ ಚಂಡೆಯ ಹಾಗೆ ಬಾರಿಸಿ ಎಬ್ಬಿಸುತ್ತಿದ್ದರು. ಬೈಯುತ್ತಿರಲಿಲ್ಲ. "ಆಟ ನೋಡಿದ್ದು ತಪ್ಪಲ್ಲ. ಆಟಕ್ಕೆ ಹೋಗುವ ದಿನ ಮಧ್ಯಾಹ್ನ ಮಲಗದೇ ಇದ್ದದ್ದು ತಪ್ಪು" ಎನ್ನುತ್ತಿದ್ದರು. ಆ ಮಾತಿನ ಬೆಲೆ ನನಗೆ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ.

ಬೆಂಗಳೂರಿನಲ್ಲಿ ನಾಟಕ ಸಾಮಾನ್ಯವಾಗಿ ಸಂಜೆ ಏಳೂವರೆಗೆ. ಮುಗಿಯುವಾಗ ಒಂಬತ್ತೂವರೆ. ಆಮೇಲೆ ದೀಪ ಇಳಿಸಿ, ಕೇಬಲ್ ಸುತ್ತಿ, ಸಾಮಾನನ್ನು ಗಾಡಿಗೆ ತುಂಬಿ ಮನೆ ಸೇರುವಾಗ ಹನ್ನೆರಡು. ಮೈ ದಣಿದಿರುತ್ತದೆ, ಆದರೆ ನಿದ್ದೆ ಬರುವುದಿಲ್ಲ. ಎರಡು ಗಂಟೆ ಕಣ್ಣುರೆಪ್ಪೆ ಮಿಟುಕಿಸದೆ ರಂಗದ ಮೇಲೆ ಗಮನ ಇಟ್ಟವನ ತಲೆ ಅಷ್ಟು ಬೇಗ ತಣಿಯುವುದಿಲ್ಲ. ಆ ಹೊತ್ತಿನಲ್ಲಿ ಗೆಳೆಯನೊಬ್ಬ ನನಗೆ ಇನ್ನೊಂದು ಆಟ ಹಚ್ಚಿಸಿದ. ಅದರ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಿಂದ ನಡೆಯುತ್ತಿರುವ ಕಂಪ್ಯೂಟರ್ ಆಟ. ಮಾಟಗಾರರು, ರಾಕ್ಷಸರು, ಡ್ರ್ಯಾಗನ್‌ಗಳು ಇರುವ ಕಲ್ಪನೆಯ ಲೋಕ. ಬೇರೆ ಬೇರೆ ದೇಶದ ಜನ ಒಂದೇ ಹೊತ್ತಿಗೆ ಅದರೊಳಗೆ ಸೇರಿ ಆಡುತ್ತಾರೆ.

ಫ್ಯಾಂಟಸಿ ಆಟ ಅಂದಕೂಡಲೇ ನಿಮ್ಮಲ್ಲಿ ಕೆಲವರಿಗೆ ಕ್ರಿಕೆಟ್ ತಂಡ ಕಟ್ಟಿ ದುಡ್ಡು ಹಾಕುವ ಆ್ಯಪ್ ನೆನಪಾಗಬಹುದು. ಇದು ಅದಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ನಾನು ಹೇಳುವ ಆಟದಲ್ಲಿ ತಿಂಗಳಿಗಿಷ್ಟು ಎಂದು ಚಂದಾ ಇದೆ, ಪಣ ಇಲ್ಲ. ಅದು ತಿನ್ನುವುದು ಹೊತ್ತನ್ನು.

ಅದರಲ್ಲಿ ದೊಡ್ಡ ಕಾಳಗಕ್ಕೆ 'ರೇಡ್' ಎನ್ನುತ್ತಾರೆ. ಅತಿ ಕಠಿಣ ಹಂತದ ರೇಡಿಗೆ ಸರಿಯಾಗಿ 20 ಜನ ಬೇಕು. ಕೆಲವರು ಮುಂದೆ ನಿಂತು ಪೆಟ್ಟು ತಿನ್ನುವವರು, ಕೆಲವರು ಹೊಡೆಯುವವರು, ಕೆಲವರು ಹಿಂದೆ ನಿಂತು ಗಾಯ ಮಾಯಿಸುವವರು. ನಾನು ಗಾಯ ಮಾಯಿಸುವವನು. ಅಲ್ಲಿಯೂ ದೀಪದವನ ಪಾಡೇ. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ, ಒಂದು ಕ್ಷಣ ತಪ್ಪಿದರೆ ಎಲ್ಲರೂ ಬೀಳುತ್ತಾರೆ. ಅದಕ್ಕೇ ಇರಬೇಕು, ನನಗದು ಕೂಡಲೇ ಹಿಡಿಸಿತು.

ನಮ್ಮ ಗುಂಪಿನ ಹೆಚ್ಚಿನವರು ಯುರೋಪಿನವರು. ಅವರಿಗೆ ಊಟ ಮುಗಿಸಿ ಕೂರುವ ರಾತ್ರಿ ಎಂಟು ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಂಡರೆ ನಮಗೆ ಹನ್ನೊಂದೂವರೆ. ಚಳಿಗಾಲದ ಹೊತ್ತು ನನಗೆ ಹೇಳಿ ಮಾಡಿಸಿದ ಹಾಗಿತ್ತು. ಹನ್ನೆರಡಕ್ಕೆ ಮನೆ, ಹನ್ನೆರಡೂವರೆಗೆ ಕಾಳಗ, ಮೂರೂವರೆಗೆ ಮುಗಿತಾಯ. ಆಮೇಲೆ ಇನ್ನೊಂದು ಸಣ್ಣದು, ಮತ್ತೊಂದು ಸಣ್ಣದು. ಎಷ್ಟೋ ದಿನ ಹಾಲಿನವನು ಬಾಗಿಲಿಗೆ ಬಂದಾಗಲೂ ನಾನು ಕೂತೇ ಇರುತ್ತಿದ್ದೆ.

ಒಂದು ದಿನ ಹೀಗಾಯಿತು. ಬೆಳಿಗ್ಗೆ ಹತ್ತಕ್ಕೆ ರಂಗಮಂದಿರದಲ್ಲಿ ದೀಪ ಕಟ್ಟುವ ಕೆಲಸ. ನಾನು ಮಲಗಿದ್ದು ಎರಡೂವರೆ ಗಂಟೆ. ಹದಿನಾರು ಅಡಿ ಏಣಿಯ ಮೇಲಿದ್ದೆ. ಏಣಿ ಹತ್ತುವಾಗ ಸ್ಪ್ಯಾನರನ್ನು ಹಗ್ಗದಲ್ಲಿ ಕೈಗೆ ಕಟ್ಟಿಕೊಳ್ಳಬೇಕು. ನಮ್ಮ ಕೆಲಸದಲ್ಲಿ ಕಲಿಸುವ ಮೊದಲ ಪಾಠವೇ ಅದು. ಅವತ್ತು ಕಟ್ಟಿಕೊಂಡಿರಲಿಲ್ಲ. ಮರೆತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿರಬೇಕು, ಸ್ಪ್ಯಾನರ್ ಜಾರಿತು. ಕೆಳಗೆ ಕೂತು ಮಾತು ಬಾಯಿಪಾಠ ಮಾಡುತ್ತಿದ್ದ ಹುಡುಗಿಯೊಬ್ಬಳಿಂದ ಒಂದು ಗೇಣು ದೂರದಲ್ಲಿ ಹಲಗೆಗೆ ಬಡಿಯಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವಳು ತಲೆ ಎತ್ತಿ ನೋಡಿದಳು, ಏನೂ ಹೇಳಲಿಲ್ಲ. ನಾನು ಕೆಳಗಿಳಿದು ಕೈ ಮುಗಿದೆ. ಅವತ್ತು ಮತ್ತೆ ಏಣಿ ಹತ್ತುವ ಧೈರ್ಯ ಬರಲಿಲ್ಲ.

ಅವತ್ತೇ ಆಟ ಬಿಟ್ಟೆ. ಇಪ್ಪತ್ತು ದಿನ ಆಡಲಿಲ್ಲ, ಆಮೇಲೆ ಮತ್ತೆ ಕೂತೆ. ಕಾರಣ ಚಟ ಒಂದೇ ಅಲ್ಲ. ಅಲ್ಲಿ ಹತ್ತೊಂಬತ್ತು ಜನ ನನಗಾಗಿ ಕಾಯುತ್ತಿದ್ದರು. ನಾಟಕದ ಮನೆಯಲ್ಲಿ ಬೆಳೆದವನಿಗೆ ಇಷ್ಟು ಜನರ ರಾತ್ರಿ ಕೆಡಿಸುವುದು ದೊಡ್ಡ ಪಾಪ. ಒಪ್ಪಿದ ಕೆಲಸ ಎರಡು ಕಡೆ ಇತ್ತು. ಎರಡರ ಸಾಲವನ್ನೂ ನಾನು ನಿದ್ದೆಯಿಂದ ತೀರಿಸುತ್ತಿದ್ದೆ.

ಆ ಮಳೆಗಾಲದಲ್ಲಿ ಅಪ್ಪ ಬೆಂಗಳೂರಿಗೆ ಬಂದರು. ರಾತ್ರಿ ಎದ್ದವರು ನನ್ನ ಹಿಂದೆ ನಿಂತು ತುಂಬ ಹೊತ್ತು ನೋಡಿದರು. ವೇಷ, ಬಣ್ಣ, ಯುದ್ಧ ಎಲ್ಲ ಅವರಿಗೆ ಗುರುತು ಸಿಕ್ಕಿತು. "ಲಾಯ್ಕ್ ಇತ್" ಎಂದರು. ಸ್ವಲ್ಪ ತಡೆದು ಕೇಳಿದರು: "ಇದ್ರ ಮಂಗಳ ಯಾವಾಗ್ ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಆಟಕ್ಕೆ ಮಂಗಳವೇ ಇಲ್ಲ. ಒಂದು ಕಾಳಗ ಮುಗಿದರೆ ಇನ್ನೊಂದು ಕಾದಿರುತ್ತದೆ. ಮುಗಿಯದ ಹಾಗೆಯೇ ಅದನ್ನು ಕಟ್ಟಿದ್ದಾರೆ. ಅಪ್ಪನ ಆಟ ಹಾಗಲ್ಲ. ಮಂಗಳ ಆದ ಮೇಲೆ ಚೌಕಿಯಲ್ಲಿ ಕೂತು, ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಅಷ್ಟರಲ್ಲಿ ಭೀಮನೋ ಕರ್ಣನೋ ಆಗಿದ್ದವರು ಮತ್ತೆ ನಮ್ಮಪ್ಪ ಆಗುತ್ತಿದ್ದರು. ಆಮೇಲೆ ಗಂಜಿ, ನಿದ್ದೆ. ಹಗಲು ಅವರು ಮಲಗಿದ್ದಾಗ ಅಮ್ಮ ಕೊಡಪಾನವನ್ನೂ ಸದ್ದಾಗದಂತೆ ಇಡುತ್ತಿದ್ದರು. ಅವರು ರಾತ್ರಿಯಿಡೀ ಕುಣಿದೂ ಅಷ್ಟು ವರ್ಷ ತಾಳಿದ್ದು ಆ ಹಗಲಿನ ನಿದ್ದೆಯಿಂದ. ನಾನು ಅವರ ರಾತ್ರಿಯನ್ನು ಮಾತ್ರ ಕಲಿತಿದ್ದೆ, ಹಗಲನ್ನು ಕಲಿತಿರಲಿಲ್ಲ.

ನಮ್ಮ ಗುಂಪಿನ ಮುಂದಾಳು ಒಬ್ಬ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ಮರುವಾರ ಹೆದರುತ್ತಲೇ ಅವರಿಗೆ ಸ್ಪ್ಯಾನರಿನ ವಿಷಯ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: ಇಷ್ಟು ದಿನ ಯಾಕೆ ಹೇಳಲಿಲ್ಲ, ನಿನ್ನ ನಾಟಕದ ತಾರೀಕುಗಳನ್ನು ತಿಂಗಳ ಮೊದಲೇ ಕೊಟ್ಟರೆ ಆಯಿತಲ್ಲ. ಅವರಿಗೂ ರಾತ್ರಿ ಪಾಳಿ ಇರುತ್ತದೆ, ಆ ವಾರ ಅವರೂ ಆಡುವುದಿಲ್ಲವಂತೆ. ನಾನು ಒಂದು ವರ್ಷ ಒದ್ದಾಡಿದ್ದು ಎರಡು ನಿಮಿಷದಲ್ಲಿ ಬಗೆಹರಿಯಿತು.

ಈಗ ನನ್ನ ಕ್ರಮ ಹೀಗಿದೆ. ನಾಟಕ ಇರುವ ವಾರ ರೇಡ್ ಇಲ್ಲ. ಮರುದಿನ ಏಣಿ ಹತ್ತುವ ಕೆಲಸ ಇದ್ದರೆ ಯಾವ ಆಟವೂ ಇಲ್ಲ. ಉಳಿದ ದಿನ ಕೂರುವ ಮೊದಲೇ ಏಳುವ ಹೊತ್ತನ್ನು ಜೊತೆಯವರಿಗೆ ಹೇಳುತ್ತೇನೆ. ನಾಲ್ಕು ಜನರಿಗೆ ಹೇಳಿದ ಮೇಲೆ ಏಳದೆ ಕೂರಲು ನಾಚಿಕೆಯಾಗುತ್ತದೆ. ಎದ್ದ ಮೇಲೆ ಅರ್ಧ ಗಂಟೆ ಪರದೆ ನೋಡುವುದಿಲ್ಲ. ಮುಖ ತೊಳೆದು ಮರುದಿನದ ಸಾಮಾನು ಜೋಡಿಸುತ್ತೇನೆ. ಅದು ನನ್ನ ಬಣ್ಣ ತೆಗೆಯುವ ಹೊತ್ತು. ಯಾವಾಗಲೂ ತಪ್ಪದೆ ನಡೆಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ತಪ್ಪಿದ ದಿನ ಏಣಿಯ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತೇನೆ.

ತಂದೆತಾಯಂದಿರಿಗೆ ಒಂದು ಮಾತು. ಆಡುವ ಮಕ್ಕಳೆಲ್ಲ ಕೆಟ್ಟುಹೋದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಗೀಳೂ ಸೇರಿದೆ, 2022ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಲಕ್ಷಣಗಳನ್ನು ಹೇಳಿದ್ದಾರೆ. ಆಟ ಕೈಮೀರಿ ಹೋಗಬೇಕು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗಬೇಕು, ನಷ್ಟ ಕಂಡರೂ ಬಿಡಲಾಗಬಾರದು, ಸಾಮಾನ್ಯವಾಗಿ ಒಂದು ವರ್ಷ ಹಾಗೆ ನಡೆದಿರಬೇಕು. ಅಂಥದ್ದು ಕಂಡರೆ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾ ವಿಭಾಗ ಇದೆ. ಉಳಿದಂತೆ, ನಡುವೆ ನುಗ್ಗಿ "ಈಗಲೇ ಆರಿಸು" ಅನ್ನಬೇಡಿ. ಹತ್ತು ಜನ ಸೇರಿ ಆಡುವಾಗ ಅದನ್ನು ನಡುವೆ ನಿಲ್ಲಿಸಿ ಇಡಲು ಬರುವುದಿಲ್ಲ, ಎದ್ದರೆ ಜೊತೆಯವರಿಗೆ ಮೋಸ ಆಗುತ್ತದೆ. ಕೂರುವ ಮೊದಲೇ ಕೇಳಿ, "ಮಂಗಳ ಎಷ್ಟು ಗಂಟೆಗೆ?" ಅಂತ. ಹೇಳಿದ ಹೊತ್ತಿಗೆ ಏಳದಿದ್ದರೆ ಆಗ ಗದರಿಸಿ.

ಮಕ್ಕಳೆ, ನಿಮಗೆ ನನ್ನ ಗಣಿತದ ಮಾಷ್ಟ್ರ ಮಾತನ್ನೇ ದಾಟಿಸುತ್ತೇನೆ. ಆಟ ತಪ್ಪಲ್ಲ. ನಿದ್ದೆಯ ಲೆಕ್ಕ ತಪ್ಪಿಸಬೇಡಿ. ನಿಮ್ಮ ಕೈಯಿಂದ ಜಾರುವ ಸ್ಪ್ಯಾನರ್ ಕೆಳಗೆ ಯಾರು ಕೂತಿರುತ್ತಾರೋ ಗೊತ್ತಿರುವುದಿಲ್ಲ.

ಇವತ್ತು ರಾತ್ರಿ ಇದೇ ಅಂಗಳದಲ್ಲಿ ಹಳೆಯ ವಿದ್ಯಾರ್ಥಿಗಳ ಆಟ ಇದೆ, ಅದಕ್ಕೆ ದೀಪ ನನ್ನದು. ನಾಳೆ ಬೆಳಿಗ್ಗೆ ಏಣಿ ಹತ್ತಿ ಎಲ್ಲ ಇಳಿಸಬೇಕು. ಹಾಗಾಗಿ ಮಂಗಳ ಆದ ಕೂಡಲೇ ನಾನು ಮನೆಗೆ ಹೋಗಿ ಮಲಗುತ್ತೇನೆ. ಗೆಳೆಯರು ಮಾತಾಡಲು ಕರೆದರೆ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬಾರದು.