ಕೊಳ್ಳುವವರಿಗೆ ಇಂಗ್ಲಿಷು, ಗುಡಿಸುವವರಿಗೆ ಮಾತ್ರ ಕನ್ನಡವೇ?

(ರಾಜ್ಯೋತ್ಸವದ ಸಭೆಯೊಂದರಲ್ಲಿ ಬೆಂಗಳೂರಿನ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣ ಮಾಡುವವನಲ್ಲ. ಭಾಷಣ ಮಾಡುವವರ ಕರಪತ್ರ ಅಚ್ಚು ಹಾಕುವವನು. ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪನ ಟ್ರೆಡಲ್ ಮಷಿನ್ ಮುಂದೆ ನಿಂತವನು, ಇವತ್ತಿಗೂ ಕೈಯಿಂದ ಮಸಿ ಹೋಗಿಲ್ಲ. ಸಂಘದ ಹುಡುಗರು ಬಂದು ಮಾಧ್ಯಮಗಳು ಕನ್ನಡಿಗನನ್ನು ಹೇಗೆ ತೋರಿಸುತ್ತವೆ ಎಂಬ ಬಗ್ಗೆ ಮಾತಾಡಿ ಅಂದರು. ಅದಕ್ಕೆ ಪ್ರೊಫೆಸರುಗಳಿದ್ದಾರಲ್ಲಪ್ಪ ಅಂದೆ. ಬಿಡಲಿಲ್ಲ. ಅದಕ್ಕೇ ನನ್ನ ಮಷಿನ್ನಿನಿಂದಲೇ ಹೊರಬಂದ ಎರಡು ಕಾಗದ ತಂದಿದ್ದೇನೆ. ನನಗೆ ಗೊತ್ತಿರುವ ಮಾಧ್ಯಮ ಇದು.

ಮೊದಲನೆಯದು ನೋಡಿ. ಮಿರಮಿರ ಹೊಳೆಯುವ ಆರ್ಟ್ ಪೇಪರು, ನಾಲ್ಕು ಬಣ್ಣ. ನಗರದ ಅಂಚಿನಲ್ಲಿ ಎದ್ದ ಒಂದು ಅಪಾರ್ಟ್‌ಮೆಂಟಿನದು. ಹೆಸರು ಬೇಡ, ಆ ಭಾಗ ಮಡಚಿ ಹಿಡಿದಿದ್ದೇನೆ. ಈಜುಕೊಳ, ಹುಲ್ಲುಹಾಸು, ಗಂಡ ಹೆಂಡತಿ ಎರಡು ಮಕ್ಕಳು, ಎಲ್ಲರದೂ ಹಾಲಿನಂಥ ಬಣ್ಣ. ಆ ಮುಖಗಳು ಯಾವ ದೇಶದವೋ, ಫೋಟೊ ಮಾರುವ ಕಂಪನಿಯಿಂದ ಕೊಂಡು ತಂದವು. ಒಂದಕ್ಷರ ಕನ್ನಡವಿಲ್ಲ. 5,000 ಪ್ರತಿ.

ಎರಡನೆಯದು ಅದೇ ಅಪಾರ್ಟ್‌ಮೆಂಟಿನದೇ, ಎರಡು ತಿಂಗಳ ಮೇಲೆ ಬಂದದ್ದು. ತೆಳು ಹಳದಿ ಕಾಗದ, ಒಂದೇ ಮಸಿ, 1,000 ಪ್ರತಿ. ಇದರಲ್ಲಿ ಮಾತ್ರ ಅಚ್ಚಗನ್ನಡ! "ಬೇಕಾಗಿದ್ದಾರೆ. ಮನೆಗೆಲಸಕ್ಕೆ, ಗುಡಿಸಿ ಒರೆಸಲು ಹೆಂಗಸರು. ಗೇಟ್ ಕಾಯಲು ಗಂಡಸರು. ನಂಬಿಕಸ್ಥರಿಗೆ ಆದ್ಯತೆ." ಚಿತ್ರವಿಲ್ಲ, ಮುಖವಿಲ್ಲ.

ಎರಡನ್ನೂ ಅಚ್ಚು ಹಾಕಿದವನು ನಾನೇ. ದುಡ್ಡು ಎಣಿಸಿಕೊಂಡವನೂ ನಾನೇ. ಆಗ ನನಗೇನೂ ಅನ್ನಿಸಲಿಲ್ಲ. ನಮ್ಮಲ್ಲಿ ಬೈಂಡಿಂಗ್ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳಿದ್ದಾಳೆ, ಮಂಡ್ಯ ಕಡೆಯವಳು. ಹಳದಿ ಕಾಗದ ನೂರು ನೂರು ಎಣಿಸಿ ಕಟ್ಟುತ್ತಾ ಕೇಳಿದಳು: "ಅಣ್ಣಾ, ಇದು ನಮ್ಮ ಬೀದಿಗೆ ಹಂಚೋದು ಅಂತ ಗೊತ್ತಾಯ್ತು. ಅವತ್ತು ಕಟ್ಟಿದ್ನಲ್ಲ, ಆ ಚಂದದ್ದು, ಅದು ಯಾವ ಬೀದಿಗೆ ಹೋಯ್ತು?"

ಬಂಧುಗಳೇ, ಜಾಹೀರಾತಿನ ಶಾಸ್ತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಯಾವ ಕಾಗದ ಯಾವ ಬೀದಿಗೆ? ಅದನ್ನು ನಿರ್ಧರಿಸಿದ ಗಳಿಗೆಯಲ್ಲೇ ಯಾರು ಯಜಮಾನ, ಯಾರು ಆಳು ಅಂತ ಬರೆದುಹೋಗುತ್ತದೆ. ಒಳಗಿನ ಅಕ್ಷರ ಆಮೇಲಿನ ಮಾತು.

ಮುಂದಿನ ಸಲ ಆ ಗಿರಾಕಿ ಬಂದಾಗ, "ಸಾರ್, ಮನೆ ಮಾರುವ ಕಾಗದವನ್ನೂ ಕನ್ನಡದಲ್ಲಿ ಒಂದು ಸಾವಿರ ಹಾಕೋಣ, ಡಿಟಿಪಿ ಖರ್ಚು ನನ್ನದೇ" ಅಂದೆ. ಅವರು ನಕ್ಕರು. "ಕನ್ನಡದವರು ಎಲ್ಲಿ ಕೊಳ್ತಾರೆ ಮಾರಾಯಾ?" ಅಂದರು. ಹೊರಗಿನಿಂದ ಬಂದವರಲ್ಲ, ಮನೆಯಲ್ಲಿ ಕನ್ನಡವನ್ನೇ ಆಡುವವರು! ಬೇರೆಯವರು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಈ ಮಾತು ಎಲ್ಲಿಂದ ಹುಟ್ಟಿತು ಅಂತ ತಲೆ ಕೆಡಿಸಿಕೊಂಡು, ನಮ್ಮಲ್ಲಿಗೆ ಕೆಲಸ ತರುತ್ತಿದ್ದ ಜಾಹೀರಾತು ಏಜೆನ್ಸಿಯ ಹುಡುಗನನ್ನು ಕೇಳಿದೆ. ಅವನು ಲೆಕ್ಕ ಬಿಡಿಸಿ ಹೇಳಿದ. 2011ರಲ್ಲಿ ಮಾರುಕಟ್ಟೆ ಸಮೀಕ್ಷೆಯವರು ದೇಶದ ಮನೆಗಳನ್ನು ಅಳೆಯಲು ಒಂದು ಹೊಸ ಪಟ್ಟಿ ತಂದರಂತೆ. ಅದರಲ್ಲಿ ಕೇಳುವುದು ಎರಡೇ. ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ? ಹನ್ನೊಂದು ವಸ್ತುಗಳ ಪೈಕಿ ಮನೆಯಲ್ಲಿ ಎಷ್ಟಿವೆ? ಕರೆಂಟು, ಸೀಲಿಂಗ್ ಫ್ಯಾನು, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಕಲರ್ ಟಿವಿ, ಫ್ರಿಜ್ಜು, ವಾಷಿಂಗ್ ಮಷಿನ್ನು, ಕಂಪ್ಯೂಟರು, ಕಾರು, ಏಸಿ, ಕೊನೆಯದಾಗಿ ವ್ಯವಸಾಯದ ಜಮೀನು. ಅಷ್ಟರ ಮೇಲೆ ಎ1ರಿಂದ ಇ3ರವರೆಗೆ ಹನ್ನೆರಡು ದರ್ಜೆ. ಯಾವ ಜಾಹೀರಾತು ಯಾರ ಕಣ್ಣಿಗೆ ಬೀಳಬೇಕು ಅಂತ ತೂಗಿದ್ದು ಇಂಥ ತಕ್ಕಡಿಯಲ್ಲಿ. ನಮ್ಮ ಜಾತಿ ಪಟ್ಟಿ ಸಾಲದು ಅಂತ ಇದೊಂದು!

ಆದರೆ ಗಮನಿಸಿ. ಆ ಪಟ್ಟಿಯಲ್ಲಿ ಭಾಷೆಯ ಕಾಲಮ್ಮೇ ಇಲ್ಲ! ನಮ್ಮ ಮದ್ದೂರಿನ ಒಬ್ಬ ರೈತನನ್ನು ತೆಗೆದುಕೊಳ್ಳಿ. ಜಮೀನು, ಕರೆಂಟು, ಫ್ಯಾನು, ಗ್ಯಾಸು, ಬೈಕು, ಟಿವಿ, ಫ್ರಿಜ್ಜು. ಏಳಾಯಿತು. ಅವನು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ. ಅವರದೇ ತಕ್ಕಡಿಯಲ್ಲಿ ಅವನು ತೂಗುತ್ತಾನೆ. ಹಾಗಿದ್ದರೆ "ಕನ್ನಡದವರು ಕೊಳ್ಳುವುದಿಲ್ಲ" ಅನ್ನುವುದು ಯಾವ ಸಮೀಕ್ಷೆಯ ಮಾತು? ಅದು ತಲೆಯೊಳಗೆ ಕೂತ ಮಾತು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು 4 ಕೋಟಿ 37 ಲಕ್ಷ. ಇಷ್ಟು ಜನ ಸೋಪು ಹಚ್ಚದೆ, ಚಪ್ಪಲಿ ಮೆಟ್ಟದೆ, ಮನೆ ಕಟ್ಟದೆ ಬದುಕುತ್ತಿದ್ದಾರೆಯೇ?

ಟಿವಿಯ ಕಥೆ ಬೇರೆ. ಟಿವಿಗೆ ಕನ್ನಡ ಬೇಕು, ಯಾಕೆಂದರೆ ಅಲ್ಲಿ ನೋಡುವವರ ಲೆಕ್ಕ ಸಿಕ್ಕುತ್ತದೆ. 2015ರಲ್ಲಿ ಬಾರ್ಕ್ ಸಂಸ್ಥೆ ಹಳ್ಳಿಮನೆಗಳ ಲೆಕ್ಕವನ್ನೂ ಕೊಡತೊಡಗಿದ ಮೇಲಂತೂ ಹಳ್ಳಿಯವರೂ ಮನುಷ್ಯರಾದರು! ಆದರೆ ಎಂಥ ಕನ್ನಡ? ಮನೆ ದಿಲ್ಲಿಯದು, ಅತ್ತೆಯ ತಲೆಯ ಮೇಲೆ ಸೆರಗು, ತಟ್ಟೆಯಲ್ಲಿ ಪರಾಠ, ತುಟಿ ಆಡುವುದು ಹಿಂದಿ. ಮೇಲಿನಿಂದ ಕನ್ನಡದ ಮಾತು ಸುರಿದಿರುತ್ತಾರೆ. "ನಿಮ್ಮ ತ್ವಚೆಗೆ ಕೋಮಲ ಸ್ಪರ್ಶ!" ನಿಮ್ಮ ಮನೆಯಲ್ಲಿ ಯಾರಾದರೂ "ಅಮ್ಮಾ, ನನ್ನ ತ್ವಚೆ ಉರೀತಿದೆ" ಅಂದಿದ್ದಾರೆಯೇ? ಸಿನಿಮಾ ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ದಶಕಗಟ್ಟಲೆ ಕಾದಾಡಿದೆವು, 2015ರಲ್ಲಿ ಸ್ಪರ್ಧಾ ಆಯೋಗದವರೆಗೂ ಹೋಗಿ ತೀರ್ಪಾಯಿತು. ಅಷ್ಟೂ ವರ್ಷ ಜಾಹೀರಾತು ಮಾತ್ರ ದಿನಕ್ಕೆ ನೂರು ಸಲ ಡಬ್ ಆಗಿ ನಮ್ಮ ನಡುಮನೆಗೆ ಬರುತ್ತಲೇ ಇತ್ತು. ಅದರ ಬಗ್ಗೆ ನಾವು ಒಂದು ಕಲ್ಲೂ ಎಸೆಯಲಿಲ್ಲ, ಒಂದು ಪತ್ರವೂ ಬರೆಯಲಿಲ್ಲ.

ಬಣ್ಣದ ಮಾತೂ ಇದೇ ಹೊಳೆಯದು. ಫೇರ್ ಅಂಡ್ ಲವ್ಲಿ ಅನ್ನುವ ಕ್ರೀಮು 1975ರಲ್ಲಿ ಬಂತು. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗದು, ಗಂಡು ಸಿಗದು, ಹಚ್ಚಿಕೊಂಡರೆ ಎರಡೂ ಸಿಗುತ್ತದೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ಪಾಠ ಹೇಳಿತು. ಹೆಸರಿನಿಂದ ಆ "ಫೇರ್" ತೆಗೆಯಲು 2020 ಬರಬೇಕಾಯಿತು. ನಾನೇನು ಸಾಚಾ ಅಲ್ಲ. ಮದುವೆಯ ಫ್ಲೆಕ್ಸ್ ಮಾಡಿಸಲು ಬಂದವರು "ಹುಡುಗಿ ಮುಖ ಸ್ವಲ್ಪ ಬೆಳ್ಳಗೆ ಮಾಡಿ" ಅಂತಾರೆ, ನಮ್ಮ ಹುಡುಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾನೆ. ಮಂಟಪದಲ್ಲಿ ಕೂತವಳು ಒಬ್ಬಳು, ಬಾಗಿಲಲ್ಲಿ ನಿಂತವಳು ಇನ್ನೊಬ್ಬಳು.

ಹಿಂದಿ ಸಿನಿಮಾದವರು ನಮ್ಮನ್ನು "ಮದ್ರಾಸಿ" ಮಾಡಿ ನಗುತ್ತಾರೆ ಅಂತ ನಮಗೆ ಸಿಟ್ಟು. ನ್ಯಾಯವಾದ ಸಿಟ್ಟೇ. 1968ರ ಪಡೋಸನ್‌ನಲ್ಲಿ ಮೆಹಮೂದ್ ಆಡಿದ ಸಂಗೀತದ ಮೇಷ್ಟ್ರಿಂದ ಹಿಡಿದು, 2011ರ ರಾ.ಒನ್‌ನಲ್ಲಿ ನೂಡಲ್ಸಿಗೆ ಮೊಸರು ಕಲಸಿ ತಿನ್ನುವ ಶಾರುಖ್ ಖಾನ್‌ವರೆಗೆ ಅದೇ ನಗೆ. ಅಲ್ಲಿ ಕನ್ನಡಿಗ ಬೇರೆ, ತಮಿಳ ಬೇರೆ, ತೆಲುಗ ಬೇರೆ ಅನ್ನುವ ಗೊಡವೆಯೇ ಇಲ್ಲ. ಯಾಕೆಂದರೆ ಆ ನಗು ನಮಗಾಗಿ ಮಾಡಿದ್ದಲ್ಲ. ನಮ್ಮನ್ನು ನೋಡಿ ನಗಬೇಕಾದವನು ಟಿಕೆಟ್ ಕೊಂಡು ಬೇರೆ ಊರಿನಲ್ಲಿ ಕೂತಿದ್ದಾನೆ.

ಸರಿ. ಈಗ ನಮ್ಮ ಕಡೆ ತಿರುಗೋಣ. ಇಲ್ಲಿ ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ಧಾರವಾಡದ ಮಾತು ಎಷ್ಟು ಸಲ ಬರೀ ನಗಿಸಲು ಬಂದಿದೆ? ಮಂಗಳೂರಿನವನು ಅಂದರೆ ಹೋಟೆಲ್ ಗಲ್ಲಾದಲ್ಲಿ ಕೂತು "ಎಂಥದು ಮಾರಾಯ್ರೆ" ಅನ್ನಲೇಬೇಕು. ಮನೆಗೆಲಸದವಳಿಗೆ ಹೆಸರೇ ಇರುವುದಿಲ್ಲ, ಹಳ್ಳಿ ಮಾತು ಮಾತ್ರ ಇರುತ್ತದೆ. ಇನ್ನು ಸಾಬರು ಬಂದರೆ ಮುರುಕು ಕನ್ನಡ. "ನಿಮ್ದು ಏನು, ನಮ್ದುಕೆ ಗೊತ್ತಿಲ್ಲ" ಅನ್ನುವ ಅದೇ ಸವಕಲು ಧಾಟಿ. ಅಲ್ಲ ಸ್ವಾಮಿ, ನಿತ್ಯೋತ್ಸವ ಬರೆದ ಕೆ.ಎಸ್. ನಿಸಾರ್ ಅಹಮದರ ಕನ್ನಡ ಮುರುಕೇ? ಹಾಸನದ ಬಾನು ಮುಷ್ತಾಕ್ ಅವರು ಬರೆದ ಕನ್ನಡದ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅವರ ಕಥೆಯ ಹೆಣ್ಣುಮಕ್ಕಳು ಯಾರ ಎದುರೂ ತೊದಲುವುದಿಲ್ಲ.

ನಗೆ ಎಲ್ಲಿಗೆ ಮುಟ್ಟುತ್ತದೆ ಅಂತ ನಾನು ಹುಡುಗನಾಗಿದ್ದಾಗಲೇ ಕಂಡೆ. 1994ರ ಅಕ್ಟೋಬರ್. ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು, ಅದರ ನೆಪದಲ್ಲಿ ಈ ಬೆಂಗಳೂರಿನಲ್ಲಿ ಹೆಣಗಳು ಬಿದ್ದವು. ವಾರ್ತೆ ಯಾವ ಭಾಷೆಯಲ್ಲಿ, ಯಾವ ಹೊತ್ತಿಗೆ ಬರಬೇಕು ಅನ್ನುವುದು ವಾದ ಮಾಡುವ ವಿಷಯ. ವಾದ ಮಾಡಬೇಕು. ಆದರೆ ಆ ವಾರ ಒಂದು ರಾತ್ರಿ ಯಾರೋ ಇಬ್ಬರು ನಮ್ಮ ಪ್ರೆಸ್ಸಿನ ಅರ್ಧ ಬಾಗಿಲು ತಟ್ಟಿದರು, ಕೈಯಲ್ಲಿ ಬರೆದು ತಂದ ಒಂದು ಹಾಳೆ. ಅಪ್ಪ ಓದಿದರು. ಅದರಲ್ಲಿ ವಾರ್ತೆಯ ವಿಷಯ ಒಂದು ಸಾಲಿತ್ತಂತೆ, ಉಳಿದದ್ದೆಲ್ಲ ನಮ್ಮ ಹಿಂದಿನ ಬೀದಿಯ ಜನರ ಬಗ್ಗೆ. ಅಪ್ಪ ಜಗಳಗಂಟರಲ್ಲ, ಧೈರ್ಯವಂತರೂ ಅಲ್ಲ. "ಮೊಳೆ ಸಾಲದು ಕಣಪ್ಪಾ, ಇಷ್ಟು ದೊಡ್ಡ ಮ್ಯಾಟರಿಗೆ ನನ್ನ ಹತ್ತಿರ ಅಕ್ಷರ ಸಾಲದು" ಅಂತ ಸುಳ್ಳು ಹೇಳಿ ಕಳಿಸಿದರು. ಕೇಸುಗಳ ತುಂಬ ಮೊಳೆ ಇತ್ತು. ದಿನಾ ಅದನ್ನು ವಿಂಗಡಿಸಿ ಹಾಕುತ್ತಿದ್ದವನು ನಾನೇ. ಅವರು ಹೋದ ಮೇಲೆ ಅಪ್ಪ ದೀಪ ಆರಿಸಿ, ತುಂಬಾ ಹೊತ್ತು ಮಷಿನ್ ಪಕ್ಕದಲ್ಲೇ ಸುಮ್ಮನೆ ಕೂತಿದ್ದರು.

"ಮೊಳೆ ಸಾಲದು" ಅನ್ನುವ ಅನುಕೂಲ ನನಗಿಲ್ಲ. ಈಗ ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಬರವಿಲ್ಲ. ಆಗದು ಅಂದರೆ ಬಾಯಿ ಬಿಟ್ಟೇ ಹೇಳಬೇಕು.

ಜಾಹೀರಾತಿಲ್ಲದೆ ಪತ್ರಿಕೆ ನಡೆಯುವುದಿಲ್ಲ ಅಂತಾರೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ನಡೆಯಿತು. ಓದುವವನೇ ದುಡ್ಡು ಕೊಡುತ್ತಿದ್ದ, ಓದುವವನಿಗೇ ಪತ್ರಿಕೆ ಹೆದರುತ್ತಿತ್ತು. ಎಲ್ಲರಿಗೂ ಅದು ಆಗದು, ನನಗಂತೂ ಆಗದು. ನನ್ನ ಸಂಸಾರ ನಡೆಯುವುದೇ ಈ ಹ್ಯಾಂಡ್‌ಬಿಲ್ಲುಗಳಿಂದ. ಅದಕ್ಕೇ ನಾನು ಮಾಡಿಕೊಂಡದ್ದು ಸಣ್ಣ ಏರ್ಪಾಟು. ಕನ್ನಡದಲ್ಲಿ "ಬೇಕಾಗಿದ್ದಾರೆ" ಅಂತ ತಂದವರನ್ನು, ಮಾರುವ ಕಾಗದ ಯಾವ ಭಾಷೆಯಲ್ಲಿದೆ ಅಂತ ಕೇಳುತ್ತೇನೆ. ಅದೂ ಕನ್ನಡದಲ್ಲಿ ಬರುವುದಾದರೆ ಡಿಟಿಪಿ ಬಿಟ್ಟಿ. ಈವರೆಗೆ ಒಪ್ಪಿದವರು ಮೂವರು. ಒಬ್ಬರು ಪೀಠೋಪಕರಣದವರು, ಇಬ್ಬರು ಸೈಟ್ ಮಾರುವವರು. ಪೀಠೋಪಕರಣದವರು ಎರಡನೇ ಸಲ 3,000 ಹಾಕಿಸಿದರು, ಈ ಸಲ ನಾನು ಹೇಳುವ ಮುಂಚೆಯೇ ಕನ್ನಡದಲ್ಲಿ. ಅಪಾರ್ಟ್‌ಮೆಂಟಿನ ಗಿರಾಕಿ ಮಾತ್ರ ಆಮೇಲೆ ಬರಲಿಲ್ಲ. ವರ್ಷಕ್ಕೆ ನಾಲ್ಕಾರು ದೊಡ್ಡ ಕೆಲಸ ಕೊಡುತ್ತಿದ್ದವರು, ನಷ್ಟವಾಗಲಿಲ್ಲ ಅಂದರೆ ಸುಳ್ಳಾದೀತು.

ಮೊದಲ ಕನ್ನಡ ಕಾಗದ ಬಣ್ಣದಲ್ಲಿ ಬಂದ ದಿನ ಬೈಂಡಿಂಗ್‌ನವಳು ಒಂದನ್ನು ತೆಗೆದು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಕೊಳ್ತೀಯೇನಮ್ಮಾ?" ಅಂದೆ. "ಈಗಲ್ಲ ಅಣ್ಣಾ. ಮಗಳಿಗೆ ತೋರಿಸ್ತೀನಿ" ಅಂದಳು.

ಈ ಎರಡು ಕಾಗದ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ. ಊಟಕ್ಕೆ ಹೋಗುವಾಗ ನೋಡಿಕೊಂಡು ಹೋಗಿ.