ಸರಾಸರಿಯ ಲೆಕ್ಕವೂ ನಮ್ಮ ಬಾಡಿಗೆಯೂ
(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಬಳದ ಚೀಟಿಯಲ್ಲಿ ತುಟ್ಟಿ ಭತ್ಯೆ ಎಂದು ಒಂದು ಸಾಲು ಇರುತ್ತದೆ. ಅದು ಎಷ್ಟೆಂದು ನಾವೆಲ್ಲ ನೋಡುತ್ತೇವೆ. ಹೇಗೆ ಬಂತೆಂದು ಕೇಳುವವರು ಕಡಿಮೆ. ಇಂದು ಅದನ್ನೇ ಕೇಳೋಣ.

ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ತಿಂಗಳು ತಿಂಗಳೂ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. 2020ರಲ್ಲಿ ಜಾರಿಗೆ ಬಂದ ಸರಣಿಯಲ್ಲಿ 2016ರ ಬೆಲೆಯನ್ನು 100 ಎಂದು ಹಿಡಿದು, 88 ಕೇಂದ್ರಗಳ ಬೆಲೆಗಳಿಂದ ಅಖಿಲ ಭಾರತ ಸರಾಸರಿ ತೆಗೆಯುತ್ತಾರೆ. ಬಹಳ ಕಡೆ ಭತ್ಯೆಯನ್ನು ಕಟ್ಟಿರುವುದು ಈ ಸರಾಸರಿಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೂಚ್ಯಂಕ ಹೇಳುವುದು ಬೆಲೆ ಎಷ್ಟು ಏರಿತೆಂದು. ಬೆಲೆ ಎಷ್ಟಿದೆಯೆಂದು ಅಲ್ಲ. ಒಂದು ಊರಿನಲ್ಲಿ 2,000 ರೂಪಾಯಿ ಇದ್ದ ಬಾಡಿಗೆ 2,800 ಆಯಿತೆನ್ನಿ. ಇನ್ನೊಂದು ಊರಿನಲ್ಲಿ 5,000 ಇದ್ದದ್ದು 7,000 ಆಯಿತೆನ್ನಿ. ಎರಡು ಊರಿನ ಅಂಕವೂ 140. ಆದರೆ ಒಬ್ಬನ ಜೇಬಿನಿಂದ ಹೆಚ್ಚಾಗಿ ಹೋದದ್ದು 800, ಇನ್ನೊಬ್ಬನದು 2,000. ಪಾಯಿಂಟಿಗೆ ಇಷ್ಟು ಎಂದು ಭತ್ಯೆ ಕೊಟ್ಟರೆ ಇಬ್ಬರಿಗೂ ಸಿಗುವುದು ಒಂದೇ ಮೊತ್ತ. ಈ ಅನ್ಯಾಯ ಅಂಕಿಯಲ್ಲಿ ಕಾಣುವುದಿಲ್ಲ.

ಊರಿಂದೂರಿಗೆ ಖರ್ಚು ಬೇರೆಯೆಂದು ಸರ್ಕಾರಕ್ಕೆ ತಿಳಿಯದೆ ಇಲ್ಲ. ತನ್ನ ನೌಕರರಿಗೆ ಕೇಂದ್ರ ಸರ್ಕಾರ 2024ರ ಜನವರಿಯಿಂದ ಗೊತ್ತು ಮಾಡಿದ ಮನೆ ಬಾಡಿಗೆ ಭತ್ಯೆ ನೋಡಿ: ಬೆಂಗಳೂರಿನಂಥ ಮಹಾನಗರಕ್ಕೆ ಮೂಲವೇತನದ ಶೇಕಡಾ 30, ಹುಬ್ಬಳ್ಳಿ-ಧಾರವಾಡ, ಮೈಸೂರುಗಳಿಗೆ 20, ಉಳಿದ ಊರುಗಳಿಗೆ 10. ಕಚೇರಿಯ ನೌಕರನಿಗೆ ಒಪ್ಪಿದ ನ್ಯಾಯವನ್ನು ಮಗ್ಗದ ಮುಂದೆ ನಿಂತವನಿಗೆ ಏಕೆ ಒಪ್ಪಬಾರದು?

ಇನ್ನು ಇಡೀ ದೇಶದ ಸಾಮಾನ್ಯ ಬೆಲೆ ಸೂಚ್ಯಂಕದ ಕಥೆ ಕೇಳಿ. 2012ನ್ನು ಮೂಲವಾಗಿಟ್ಟ ಸರಣಿಯಲ್ಲಿ ಹಳ್ಳಿಯ ಪಟ್ಟಿಯಲ್ಲಿ ಮನೆ ಬಾಡಿಗೆಯೇ ಇರಲಿಲ್ಲ. ನಗರದ ಪಟ್ಟಿಯಲ್ಲಿ ನೂರಕ್ಕೆ 21.67 ಭಾಗ ವಸತಿಯದು. ಎರಡನ್ನೂ ಬೆರೆಸಿದಾಗ ಅದು 10.07ಕ್ಕೆ ಇಳಿಯಿತು. ಪಟ್ಟಣದವನ ಬಾಡಿಗೆಯ ಭಾರ ಸರಾಸರಿಯಲ್ಲಿ ಅರ್ಧಕ್ಕಿಂತ ಹಗುರವಾಯಿತು. ಮನೆಯೊಡೆಯ ಮಾತ್ರ ಬಾಡಿಗೆಯನ್ನು ಅರ್ಧ ಮಾಡಲಿಲ್ಲ!

ಬಾಡಿಗೆಯೊಂದೇ ಅಲ್ಲ. ವೈದ್ಯರ ಫೀಜು, ಶಾಲೆಯ ಫೀಜು, ಬಸ್ ಚಾರ್ಜು, ಕ್ಷೌರ, ಇವೆಲ್ಲ ಕಾರ್ಮಿಕರ ಪಟ್ಟಿಯಲ್ಲಿ 'ಇತರೆ' ಎಂಬ ತಲೆಬರಹದಡಿ ಬರುತ್ತವೆ. 2001ರ ಸರಣಿಯಲ್ಲಿ ಈ 'ಇತರೆ'ಯ ಪಾಲು 23.26 ಇತ್ತು; 2016ರ ಸರಣಿಯಲ್ಲಿ 30.31 ಆಯಿತು. ಆಹಾರದ ಪಾಲು 46.20ರಿಂದ 39.17ಕ್ಕೆ ಇಳಿಯಿತು. ನಾವು ಕಡಿಮೆ ಉಣ್ಣುತ್ತೇವೆಂದು ಇದರ ಅರ್ಥವಲ್ಲ. ಅಕ್ಕಿ ಬೇಳೆಯ ಆಚೆಗೆ ಕೊಡಬೇಕಾದ ಹಣ ಬೆಳೆದಿದೆ.

ಅಂಗಡಿಯ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲ ಎನ್ನಬಾರದು. ನಿಮಗೆ ತುಟ್ಟಿ ಭತ್ಯೆ ಕೊಡುವವರು ಯಾರೂ ಇಲ್ಲ. ನಿಮ್ಮ ಮಳಿಗೆಯ ಬಾಡಿಗೆ ಈ ಯಾವ ಪಟ್ಟಿಯಲ್ಲೂ ಇಲ್ಲ. ಕಾರ್ಮಿಕನ ಕೈ ಬರಿದಾದ ತಿಂಗಳು ಉದ್ರಿ ಪುಸ್ತಕ ತುಂಬುವುದು ನಿಮ್ಮ ಗಲ್ಲಾದ ಪಕ್ಕದಲ್ಲೇ.

ಅಂಕಿಗಳನ್ನು ಪ್ರಶ್ನಿಸಬಹುದೆ? ಪ್ರಶ್ನಿಸಿದವರಿದ್ದಾರೆ. 1963ರಲ್ಲಿ ಮುಂಬಯಿಯ ಕಾರ್ಮಿಕರು ಸೂಚ್ಯಂಕ ನಿಜವಾದ ಏರಿಕೆಯನ್ನು ತೋರಿಸುತ್ತಿಲ್ಲವೆಂದು ಎದ್ದು ನಿಂತರು. ಸರ್ಕಾರ ಲಕ್ಡಾವಾಲಾ ಸಮಿತಿಯನ್ನು ನೇಮಿಸಬೇಕಾಯಿತು. ಲೆಕ್ಕ ಕಡಿಮೆ ಬಂದಿತ್ತೆಂದು ಸಮಿತಿಯೇ ಹೇಳಿತು.

ಆದ್ದರಿಂದ ಒಂದು ಕೆಲಸ ಮಾಡೋಣ. ಪ್ರತಿ ಮನೆಯಲ್ಲೂ ಒಂದು ನೋಟುಬುಕ್ಕು ಇಡೋಣ. ಬಾಡಿಗೆ, ಔಷಧ, ಶಾಲೆ, ಬಸ್ಸು, ಯಾವುದಕ್ಕೆ ಎಷ್ಟು ಎಂದು ಹನ್ನೆರಡು ತಿಂಗಳು ಬರೆಯೋಣ. ಲೆಕ್ಕ ಬರೆಯಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ನಮಗಿಂತ ಅವರಿಗೇ ಅದು ಚೆನ್ನಾಗಿ ಗೊತ್ತು. ಮುಂದಿನ ಸಂಬಳದ ಮಾತುಕತೆಗೆ ಕೂತಾಗ ಅವರು ದೇಶದ ಸರಾಸರಿಯನ್ನು ಮೇಜಿನ ಮೇಲೆ ಇಡುತ್ತಾರೆ. ನಾವು ನಮ್ಮ ಊರಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಇಡೋಣ.